ಹಳದಿ ಅಂಗಿಯೂ ಹಿಂದಿನಿಂದ ಬರುವ ಲಾರಿಯೂ

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೆಲಸ ಬಿಡುವ ಹೊತ್ತಿಗೂ ಕತ್ತಲಾಗುವ ಹೊತ್ತಿಗೂ ಹೆಚ್ಚಿನ ಅಂತರವಿರುವುದಿಲ್ಲ. ಮಳೆಗಾಲದಲ್ಲಂತೂ ಮಂಜು ಮುಸುಕಿದ ರಸ್ತೆ, ಕಪ್ಪು ಕೊಡೆ, ಕಡು ಬಣ್ಣದ ಪ್ಲಾಸ್ಟಿಕ್ ಹೊದಿಕೆ. ತಿರುವಿನಲ್ಲಿ ಬರುವ ಜೀಪಿನವನಿಗೆ ಸೈಕಲ್ಲಿನವನು ಕಾಣುವುದೇ ಹತ್ತಿರ ಬಂದ ಮೇಲೆ. ತೋಟದ ಆಳುಗಳಿಗೆ, ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ರಸ್ತೆ ಕಾಮಗಾರಿಯವರು ತೊಡುವಂಥ ಹೊಳೆಯುವ ಹಳದಿ ಅಂಗಿಗಳನ್ನು ಒಟ್ಟಾಗಿ ತರಿಸಿಕೊಂಡರೆ ಹೇಗೆ ಎಂದು ಕೆಲವು ಸದಸ್ಯರು ಕೇಳಿದ್ದಾರೆ. ಸಲಹೆ ಒಳ್ಳೆಯದೇ. ಆದರೆ ಅಂತಹ ಅಂಗಿಯಿಂದ ನಿಜವಾಗಿ ಏನು ಲಾಭ ಎಂಬುದನ್ನು ಬೇರೆ ದೇಶಗಳಲ್ಲಿ ಅಳತೆ ಮಾಡಿ ನೋಡಿದವರಿದ್ದಾರೆ. ಹಣ ಹಾಕುವ ಮೊದಲು ಅವರು ಕಂಡುಕೊಂಡದ್ದನ್ನು ತಿಳಿದಿರುವುದು ಲೇಸು.

ಹಿಂದೆ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾನಿಲಯದಲ್ಲಿದ್ದ ಮನಶ್ಶಾಸ್ತ್ರಜ್ಞ ಇಯಾನ್ ವಾಕರ್ ಅವರ ಹೆಸರು ಈ ವಿಷಯದಲ್ಲಿ ಮೊದಲು ಬರುತ್ತದೆ. 2006ರಲ್ಲಿ ಅವರು ತಮ್ಮ ಸೈಕಲ್ಲಿಗೆ ಅಂತರ ಅಳೆಯುವ ಉಪಕರಣ ಕಟ್ಟಿಕೊಂಡು ಸಾಲ್ಸ್‌ಬರಿ ಮತ್ತು ಬ್ರಿಸ್ಟಲ್ ಊರುಗಳಲ್ಲಿ ಓಡಾಡಿದರು. ತಮ್ಮನ್ನು ಹಿಂದೆ ಹಾಕಿದ ಎರಡು ಸಾವಿರಕ್ಕೂ ಹೆಚ್ಚು ವಾಹನಗಳು ಎಷ್ಟೆಷ್ಟು ಜಾಗ ಬಿಟ್ಟು ಹೋದವು ಎಂಬುದನ್ನು ದಾಖಲಿಸಿದರು. ತಲೆಗೆ ಹೆಲ್ಮೆಟ್ ಇದ್ದಾಗ ವಾಹನಗಳು ಸರಾಸರಿ ಎಂಟೂವರೆ ಸೆಂ.ಮೀ. ಹತ್ತಿರ ಬಂದವೆಂದೂ, ಉದ್ದಗೂದಲಿನ ಟೋಪನ್ ಧರಿಸಿ ಹೆಂಗಸಿನಂತೆ ಕಂಡಾಗ ಹೆಚ್ಚು ದೂರ ಸರಿದು ಹೋದವೆಂದೂ ಅವರ ಲೆಕ್ಕ ಹೇಳಿತು. ಈ ಅಳತೆ ನಡೆಯುತ್ತಿದ್ದಾಗಲೇ ಅವರಿಗೆ ಒಮ್ಮೆ ಬಸ್ಸೂ ಇನ್ನೊಮ್ಮೆ ಲಾರಿಯೂ ತಗುಲಿದ್ದವು. ಹೆಲ್ಮೆಟಿನ ಮಾತನ್ನು ಮಾತ್ರ ಎಲ್ಲರೂ ಒಪ್ಪಲಿಲ್ಲ. ಅದೇ ಅಂಕಿಗಳನ್ನು 2013ರಲ್ಲಿ ಮತ್ತೆ ತೂಗಿ ನೋಡಿದ ಬೇರೆ ಸಂಶೋಧಕರು, ಅಪಾಯವೆನ್ನುವಷ್ಟು ಹತ್ತಿರ ಬಂದ ವಾಹನಗಳಿಗೂ ಹೆಲ್ಮೆಟಿಗೂ ಸಂಬಂಧ ಕಾಣುವುದಿಲ್ಲ ಎಂದರು. ಆದ್ದರಿಂದ ಇದನ್ನು ಓದಿ ಯಾರೂ ಹೆಲ್ಮೆಟ್ ಕಳಚಿಡುವುದು ಬೇಡ.

ನಮ್ಮ ಪ್ರಶ್ನೆಗೆ ನೇರವಾಗಿ ತಾಗುವುದು ವಾಕರ್ ಮತ್ತು ಬ್ರೂನೆಲ್ ವಿಶ್ವವಿದ್ಯಾನಿಲಯದ ಇಯಾನ್ ಗ್ಯಾರಾರ್ಡ್ ಮೊದಲಾದವರು 2013ರಲ್ಲಿ ಹೊರತಂದ ಇನ್ನೊಂದು ಪರೀಕ್ಷೆ. ಬರ್ಕ್‌ಷೈರಿನಿಂದ ಲಂಡನ್ನಿನ ಹೊರವಲಯದವರೆಗಿನ ದಿನನಿತ್ಯದ ದಾರಿಯಲ್ಲಿ ಸವಾರನೊಬ್ಬನು ಏಳು ಬಗೆಯ ಉಡುಪುಗಳಲ್ಲಿ ದಿನಕ್ಕೊಂದನ್ನು ತೊಟ್ಟು ಹೋದನು. ಪಂದ್ಯದ ಸವಾರನ ಬಿಗಿ ಉಡುಪು, ಸಾಧಾರಣ ಬಟ್ಟೆ, ಹೊಳೆಯುವ ಅಂಗಿ, 'ಹೊಸಬ, ನಿಧಾನವಾಗಿ ಹೋಗಿ' ಎಂಬರ್ಥದ ಬರಹವಿದ್ದ ಅಂಗಿ, ಹೀಗೆ. ಅಳತೆಗೆ ಸಿಕ್ಕಿದ ವಾಹನಗಳು 5,690. ಬಿಟ್ಟ ಜಾಗದ ಸರಾಸರಿ ಸುಮಾರು 118 ಸೆಂ.ಮೀ., ಎಂದರೆ ನಾಲ್ಕು ಅಡಿಗೂ ಕಡಿಮೆ. ಹೊಳೆಯುವ ಅಂಗಿ ತೊಟ್ಟರೂ ಅಷ್ಟೇ, ತೊಡದಿದ್ದರೂ ಹೆಚ್ಚುಕಡಿಮೆ ಅಷ್ಟೇ! ವ್ಯತ್ಯಾಸ ಕಂಡದ್ದು ಒಂದೇ ಒಂದು ಅಂಗಿಯಲ್ಲಿ. ಅದರ ಬೆನ್ನ ಮೇಲೆ 'ಪೊಲೀಸ್' ಎಂಬ ಪದವೂ ಸವಾರನ ಬಳಿ ಕ್ಯಾಮರಾ ಇದೆಯೆಂಬ ಸೂಚನೆಯೂ ಇದ್ದವು. ಆಗ ಅಂತರ 122 ಸೆಂ.ಮೀ.ಗೆ ಏರಿತು. ಪೊಲೀಸರ ಅಂಗಿಯಂತೆಯೇ ಹೊಲಿದು, ಅಕ್ಷರ ಮಾತ್ರ ಕೊಂಚ ಬದಲಿಸಿ 'ಪೊಲೈಟ್' ಎಂದು ಬರೆದಿದ್ದ ಅಂಗಿಗೆ ಆ ಮರ್ಯಾದೆ ಸಿಗಲಿಲ್ಲ. ಚಾಲಕರು ದೂರದಿಂದಲೇ ಅಕ್ಷರವನ್ನು ಸರಿಯಾಗಿ ಓದಿಕೊಂಡಿದ್ದರೆಂದು ಇದರಿಂದ ತಿಳಿಯುತ್ತದೆ. ವಿನಯಕ್ಕಿಂತ ಲಾಠಿಯ ನೆನಪೇ ಮೇಲು ಎಂಬುದು ಎಲ್ಲ ದೇಶಗಳಿಗೂ ಸಲ್ಲುವ ಮಾತೇನೋ.

ಇದಕ್ಕಿಂತ ಗಂಭೀರವಾದದ್ದೊಂದಿದೆ. ಉಡುಪು ಯಾವುದೇ ಇರಲಿ, ನೂರಕ್ಕೆ ಒಂದೆರಡು ವಾಹನಗಳು ಸವಾರನಿಂದ 50 ಸೆಂ.ಮೀ.ಗೂ ಒಳಗೆ, ಎಂದರೆ ಸುಮಾರು ಒಂದು ಮೊಳದ ಅಂತರದಲ್ಲಿ ಹಾದುಹೋಗಿದ್ದವು. ದಿನಕ್ಕೆ ಐವತ್ತು ವಾಹನಗಳು ದಾಟಿಹೋಗುವ ರಸ್ತೆಯಲ್ಲಿ ಓಡಾಡುವವನಿಗೆ ಒಂದೆರಡು ದಿನಕ್ಕೊಮ್ಮೆ ಇಂಥದ್ದು ಎದುರಾದಂತಾಯಿತು. ಆ ಚಾಲಕನಿಗೆ ಸವಾರನು ಕಾಣದೆ ಇರಲಿಲ್ಲ. ಕಂಡೂ ಜಾಗ ಬಿಟ್ಟಿರಲಿಲ್ಲ. ಅಂಥವನ ಮುಂದೆ ಬಣ್ಣ ಏನು ಮಾಡೀತು? ಬ್ರಿಟನ್ನಿನ ರಸ್ತೆ ನಿಯಮಾವಳಿಯಲ್ಲಿ ಸೈಕಲ್ಲನ್ನು ಹಿಂದೆ ಹಾಕುವಾಗ ಕನಿಷ್ಠ ಒಂದೂವರೆ ಮೀಟರು ಬಿಡಬೇಕೆಂದು 2022ರಲ್ಲಿ ಸ್ಪಷ್ಟವಾಗಿ ಬರೆದದ್ದು ಸವಾರನ ಉಡುಪಿಗಲ್ಲ, ಚಾಲಕನ ನಡತೆಗೆ ಸಂಬಂಧಿಸಿದ್ದು.

ಹಾಗಾದರೆ ಅಂಗಿ ದಂಡವೇ? ಅಲ್ಲ. ಡೆನ್ಮಾರ್ಕಿನಲ್ಲಿ 6,793 ಸವಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಳದಿ ಜಾಕೀಟು ಕೊಟ್ಟು ಒಂದು ವರ್ಷ ಅಪಘಾತಗಳ ಲೆಕ್ಕವಿಟ್ಟರು. ವರದಿ 2018ರಲ್ಲಿ ಪ್ರಕಟವಾಯಿತು. ಜಾಕೀಟಿನವರಲ್ಲಿ ಇತರರೊಡನೆ ಡಿಕ್ಕಿಯಾಗಿ ಗಾಯಗೊಂಡ ಪ್ರಮಾಣ ಶೇ. 47ರಷ್ಟು ಕಡಿಮೆ. ತಾನಾಗಿ ಜಾರಿಬಿದ್ದ ಪ್ರಕರಣಗಳೂ ಅವರಲ್ಲಿ ಕಡಿಮೆಯಾಗಿದ್ದವು. ಜಾರಿಬೀಳುವುದನ್ನು ಜಾಕೀಟು ತಡೆಯುವುದು ಸಾಧ್ಯವಿಲ್ಲದ್ದರಿಂದ ವರದಿ ಕೊಡುವುದರಲ್ಲೇ ಏನೋ ಪಕ್ಷಪಾತವಿದೆಯೆಂದು ಅವರೇ ಅನುಮಾನಿಸಿ, ಅದನ್ನು ಕಳೆದು ಶೇ. 38 ಎಂದು ಇಳಿಸಿಕೊಂಡರು. ಪ್ರಾಮಾಣಿಕ ಲೆಕ್ಕವೆಂದರೆ ಇದು.

ಮೇಲ್ನೋಟಕ್ಕೆ ಈ ಎರಡು ಪರೀಕ್ಷೆಗಳು ಒಂದಕ್ಕೊಂದು ವಿರುದ್ಧವೆನಿಸಿದರೂ ನಮಗೆ ಹಾಗೆ ತೋರುವುದಿಲ್ಲ. ಕೂಡುರಸ್ತೆಯಲ್ಲಿ, ಅಡ್ಡದಾರಿಯ ಬಾಯಲ್ಲಿ ಸವಾರನು ಕಣ್ಣಿಗೆ ಬೀಳುವುದೇ ಮುಖ್ಯ. ಅಲ್ಲಿ ಬಣ್ಣ ನೆರವಾಗುತ್ತದೆ. ಹಿಂದಿನಿಂದ ಬಂದು ದಾಟುವವನು ಸವಾರನನ್ನು ಆಗಲೇ ಕಂಡಿರುತ್ತಾನೆ; ಅಲ್ಲಿ ಬಣ್ಣದ ಕೆಲಸ ಮುಗಿದಿರುತ್ತದೆ. ಆಸ್ಟ್ರೇಲಿಯದಲ್ಲಿ 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಇನ್ನೂ ಬೇಸರ ತರುವಂಥದ್ದು. ಕೇಳಲಾದ 563 ಜನರಲ್ಲಿ ಶೇ. 30ರಷ್ಟು ಮಂದಿ ಸೈಕಲ್ ಸವಾರರನ್ನು ಪೂರ್ತಿ ಮನುಷ್ಯರಿಗಿಂತ ಕಡಿಮೆ ಎಂದು ಎಣಿಸಿದರು; ಸುರಕ್ಷತೆಯ ಉಡುಪು ತೊಟ್ಟವರನ್ನು ಇನ್ನೂ ಕೆಳಗಿಟ್ಟರು.

ಇನ್ನು ಕತ್ತಲೆಯ ಮಾತು. ನಮಗೆ ಇದೇ ಹೆಚ್ಚು ಬೇಕಾದದ್ದು. ಹೊಳೆಯುವ ಹಳದಿ ಬಟ್ಟೆ ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿ ಕಣ್ಣಿಗೆ ಕಾಣುವ ಬೆಳಕಾಗಿ ಹೊರಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಗುಣವಿಲ್ಲ. ರಾತ್ರಿ ಕೆಲಸ ಮಾಡುವುದು ವಾಹನದ ದೀಪವನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಬೆಳ್ಳಿಬಣ್ಣದ ಪಟ್ಟಿ. ಆಸ್ಟ್ರೇಲಿಯದ ಜೊಆನ್ ವುಡ್ ಮತ್ತು ಸಂಗಡಿಗರು ಸಂಚಾರವಿಲ್ಲದ ರಸ್ತೆಯಲ್ಲಿ ರಾತ್ರಿ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಂಕಿಗಳು ಹೀಗಿವೆ: ಕಪ್ಪು ಬಟ್ಟೆಯ ಸವಾರನನ್ನು ಗುರುತಿಸಿದ ಚಾಲಕರು ಶೇ. 2, ಹೊಳೆಯುವ ಬಣ್ಣದ ಅಂಗಿಯಲ್ಲಿ ಶೇ. 15, ಬೆಳಕು ಹಿಂದಿರುಗಿಸುವ ಅಂಗಿಯಲ್ಲಿ ಶೇ. 50. ಅದರೊಂದಿಗೆ ಮೊಣಕಾಲಿಗೂ ಹರಡಿಗೂ ಅಂಥ ಪಟ್ಟಿ ಕಟ್ಟಿದಾಗ ಶೇ. 90! ಪೆಡಲ್ ತುಳಿಯುವ ಕಾಲು ಮೇಲೆ ಕೆಳಗೆ ಆಡುವುದರಿಂದ 'ಇದು ಮನುಷ್ಯ' ಎಂದು ಕಣ್ಣು ಥಟ್ಟನೆ ಗುರುತು ಹಿಡಿಯುತ್ತದೆ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಬರೀ ಹಳದಿ ಅಂಗಿ ಬೇಡ. ಬೆಳ್ಳಿಪಟ್ಟಿ ಇರುವ ಅಂಗಿಯನ್ನೇ ತರಿಸೋಣ, ಜೊತೆಗೆ ತಲಾ ಎರಡು ಜೊತೆ ಕಾಲುಪಟ್ಟಿ ಮತ್ತು ಸೈಕಲ್ಲಿನ ಹಿಂದಕ್ಕೆ ಒಂದು ಕೆಂಪು ದೀಪ. ಕೆಸರು, ಅಡಿಕೆಯ ಚೊಗರು ಮೆತ್ತಿದರೆ ಪಟ್ಟಿ ಮಂಕಾಗುತ್ತದೆ, ಆಗಾಗ ಒರೆಸುತ್ತಿರಬೇಕು. ಪಂಚೆ, ಸೀರೆ ಉಟ್ಟವರು ಕಾಲುಪಟ್ಟಿಯನ್ನು ಬಟ್ಟೆಯ ಒಳಗೆ ಕಟ್ಟಿದರೆ ಕಾಣುವುದಿಲ್ಲ, ಹರಡಿಯ ಬಳಿ ಹೊರಗೆ ಕಾಣುವಂತೆ ಕಟ್ಟಿಕೊಳ್ಳಬೇಕು. ನಡೆದು ಹೋಗುವವರಿಗೂ ಇದೇ ಕ್ರಮ. ಇನ್ನು ಸದಸ್ಯರ ಪೈಕಿ ಜೀಪು, ಪಿಕಪ್ ಇಟ್ಟುಕೊಂಡವರು ತಮ್ಮ ಚಾಲಕರಿಗೆ, ಸೈಕಲ್ಲಿನವನನ್ನು ದಾಟುವಾಗ ಒಂದು ಆಳಿನುದ್ದ ಜಾಗ ಬಿಡಬೇಕೆಂದೂ, ಜಾಗವಿಲ್ಲದ ತಿರುವಿನಲ್ಲಿ ಅವನ ಹಿಂದೆಯೇ ನಿಧಾನವಾಗಿ ಬರಬೇಕೆಂದೂ ಇದೇ ವಾರ ಹೇಳಿಬಿಡುವುದು. ಅದಕ್ಕೆ ಸಂಘದ ಹಣ ಬೇಕಾಗಿಲ್ಲ.