ಮೋಟಾರು ಸತ್ತಿಲ್ಲ, ರೆಸಿಸ್ಟರ್ ಸುಟ್ಟಿದೆ

ಪಿಕಪ್‌ನ ಬ್ಲೋವರ್ ಎಂದರೆ ಸೆಕೆಗೆ ಗಾಳಿ ಬೀಸುವ ಫ್ಯಾನ್ ಎಂದಷ್ಟೇ ಹಲವರ ಲೆಕ್ಕ. ಆದರೆ ಮಳೆಗಾಲದಲ್ಲಿ, ಒಳಗಿನವರ ಉಸಿರಿನ ತೇವ ತಾಗಿ ಗಾಜು ಮಸುಕಾದಾಗ, ಅದನ್ನು ಒಣಗಿಸುವುದು ಆ ಗಾಳಿಯೇ.

ನಮ್ಮ ಪಿಕಪ್ ತರಕಾರಿ ಹೇರಿಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತದೆ. ಕಳೆದ ಮಳೆಗಾಲದಲ್ಲಿ ಅದರ ಬ್ಲೋವರ್ 1, 2, 3ರಲ್ಲಿ ಸುಮ್ಮನಾಗಿ, 4ರಲ್ಲಿ ಮಾತ್ರ ಅಬ್ಬರಿಸತೊಡಗಿತು. ಆ ಸದ್ದಿಗೆ ತಿರುವಿನಾಚೆಯ ಹಾರ್ನ್ ಕೇಳಿಸದೆಂದು ಅಪ್ಪ ಅದನ್ನು ಆಫ್ ಮಾಡಿ, ಒಂದು ಕೈಯಲ್ಲಿ ಗಾಜು ಒರೆಸುತ್ತಾ ಓಡಿಸುತ್ತಿದ್ದರು. ಅವರು ವಾಪಸ್ ಬರುವವರೆಗೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ಗ್ಯಾರೇಜ್‌ನವರು ಮೋಟಾರೇ ಬದಲಿಸಬೇಕೆಂದರು. ಮೋಟಾರು ಸತ್ತಿದ್ದರೆ 4ರಲ್ಲಿ ತಿರುಗುವುದು ಹೇಗೆ? ಕಡಿಮೆ ವೇಗಗಳಿಗೆ ಕರೆಂಟ್ ರೆಸಿಸ್ಟರ್ ದಾಟಿ ಬರುತ್ತದೆ; ಗರಿಷ್ಠ ವೇಗಕ್ಕೆ ಅದನ್ನು ಬಿಟ್ಟು ನೇರವಾಗಿ ಹೋಗುತ್ತದೆ. ಅನುಮಾನ ರೆಸಿಸ್ಟರ್ ಮೇಲೆಯೇ ಬಂತು.

ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ, ಗ್ಲೋವ್ ಬಾಕ್ಸ್ ಇಳಿಸಿದೆ. ಎರಡು ಸ್ಕ್ರೂ, ಒಂದು ಕನೆಕ್ಟರ್. ಕೈಗೆ ಬಂದ ರೆಸಿಸ್ಟರ್ ಕಪ್ಪಾಗಿತ್ತು. ಬ್ಲೋವರ್ ಗಾಳಿಯೇ ಅದನ್ನು ತಣ್ಣಗಿಡಬೇಕು. ಒಣಗಿದ ಎಲೆ, ದೂಳು ಆ ದಾರಿಯನ್ನೇ ಕಟ್ಟಿದ್ದವು. ಕಸ ತೆಗೆಯದೆ ಹೊಸದನ್ನು ಕೂರಿಸಿದ್ದರೆ ಅದೂ ಸುಡುತ್ತಿತ್ತು. ಮೋಟಾರನ್ನು ಕೈಯಲ್ಲಿ ತಿರುಗಿಸಿ ನೋಡಿದೆ: ಸಲೀಸಾಗಿತ್ತು. ಅದು ಬಿಗಿಯಾಗಿದ್ದರೆ ಹೆಚ್ಚು ಕರೆಂಟ್ ಎಳೆದು ಹೊಸ ರೆಸಿಸ್ಟರನ್ನೂ ತಿನ್ನುತ್ತದೆ.

ಮೋಟಾರಿನ ಬೆಲೆಯ ಸಣ್ಣ ಪಾಲಿನಲ್ಲಿ ನಾಲ್ಕೂ ವೇಗ ಮರಳಿದವು. ನಿಮ್ಮ ಗಾಡಿಯ ಬ್ಲೋವರೂ ಕೊನೆಯ ವೇಗದಲ್ಲಿ ಮಾತ್ರ ಓಡುತ್ತಿದ್ದರೆ ಮೊದಲು ರೆಸಿಸ್ಟರ್ ನೋಡಿ. ಮಳೆ ಹಿಡಿಯುವ ಮೊದಲೇ ನೋಡಿ.