ತೆರಿಗೆಯ ಇಳಿತವೂ ಆಯವ್ಯಯದ ಕೊರತೆಯೂ: ಅಮೆರಿಕದ ಎರಡು ನಿದರ್ಶನಗಳು

ಸರ್ಕಾರದ ವೆಚ್ಚವು ಅದರ ವರಮಾನವನ್ನು ಮೀರಿದಾಗ ಉಂಟಾಗುವ ಅಂತರವನ್ನು ಆಯವ್ಯಯದ ಕೊರತೆ ಎನ್ನುತ್ತೇವೆ. ಲೆಕ್ಕದ ದೃಷ್ಟಿಯಿಂದ ಇದು ಸರಳವಾದ ವ್ಯವಕಲನ; ರಾಜಕೀಯದಲ್ಲಾದರೋ ಮುಗಿಯದ ವಾಗ್ವಾದಕ್ಕೆ ಮೂಲ. ತೆರಿಗೆಯನ್ನು ಇಳಿಸಿದರೆ ಕೊರತೆ ಬೆಳೆಯುವುದೆಂದು ಒಂದು ಪಕ್ಷವೂ, ಉದ್ಯಮಕ್ಕೆ ಚೇತನ ದೊರೆತು ಕೊರತೆ ತಾನಾಗಿಯೇ ತುಂಬಿಕೊಳ್ಳುವುದೆಂದು ಇನ್ನೊಂದು ಪಕ್ಷವೂ ವಾದಿಸುತ್ತವೆ. ಈ ವಾದಗಳನ್ನು ಅನುಭವದ ಒರೆಗಲ್ಲಿಗೆ ಹಚ್ಚಿ ನೋಡಲು ಅಮೆರಿಕ ಸಂಯುಕ್ತ ಸಂಸ್ಥಾನದ ೧೯೬೪ ಮತ್ತು ೧೯೮೧ರ ತೆರಿಗೆ ಕಾನೂನುಗಳು ಒಳ್ಳೆಯ ನಿದರ್ಶನಗಳಾಗಿವೆ. ಇವೆರಡನ್ನೂ ಜೊತೆಯಲ್ಲಿಟ್ಟು ವಿವೇಚಿಸುವುದು ಈ ಲೇಖನದ ಉದ್ದೇಶ.

೧೯೬೩ರಲ್ಲಿ ಆ ದೇಶದ ದುಡಿಯುವ ಜನರಲ್ಲಿ ಶೇಕಡ ೫.೭ರಷ್ಟು ಮಂದಿಗೆ ಕೆಲಸವಿರಲಿಲ್ಲ. ಬೆಲೆಗಳು ಬಹುಮಟ್ಟಿಗೆ ಸ್ಥಿರವಾಗಿದ್ದುವು. ವರಮಾನ ತೆರಿಗೆಯ ಅತ್ಯುಚ್ಚ ದರ ಶೇಕಡ ೯೧ ಆಗಿದ್ದಿತು. ಅಧ್ಯಕ್ಷ ಕೆನೆಡಿಯವರ ಆರ್ಥಿಕ ಸಲಹಾ ಮಂಡಲಿಯ ಮುಖ್ಯಸ್ಥರಾಗಿದ್ದ ವಾಲ್ಟರ್ ಹೆಲ್ಲರ್ ಮೊದಲಾದವರ ವಾದ ಹೀಗಿತ್ತು: ಯಂತ್ರಗಳೂ ಜನರೂ ಕೆಲಸವಿಲ್ಲದಿರುವಾಗ ತೆರಿಗೆಯನ್ನಿಳಿಸಿದರೆ ಜನರ ಕೈಯಲ್ಲಿ ಹಣ ಉಳಿಯುವುದು, ಬೇಡಿಕೆ ಹೆಚ್ಚುವುದು, ಬೇಡಿಕೆಯೊಡನೆ ಉತ್ಪಾದನೆಯೂ ಉದ್ಯೋಗವೂ ಬೆಳೆಯುವುವು. ಸೆನೆಟ್ಟಿನ ಹಣಕಾಸು ಸಮಿತಿಯ ಅಧ್ಯಕ್ಷ ಹ್ಯಾರಿ ಬರ್ಡ್ ಇದನ್ನು ಸುಲಭವಾಗಿ ಒಪ್ಪಲಿಲ್ಲ. ವೆಚ್ಚವನ್ನು ೧೦,೦೦೦ ಕೋಟಿ ಡಾಲರುಗಳ ಒಳಗೆ ಹಿಡಿದಿಡಬೇಕೆಂಬುದು ಅವರ ಹಟ. ಕೆನೆಡಿಯವರ ಹತ್ಯೆಯ ನಂತರ ಅಧ್ಯಕ್ಷರಾದ ಜಾನ್ಸನ್ ಅವರು ೯,೭೯೦ ಕೋಟಿ ಡಾಲರುಗಳ ಆಯವ್ಯಯವನ್ನು ಮಂಡಿಸಿದ ಮೇಲೆಯೇ ಮಸೂದೆಗೆ ದಾರಿ ತೆರೆಯಿತು. ೧೯೬೪ರ ಫೆಬ್ರವರಿ ೨೬ರಂದು ಅದು ಕಾನೂನಾಯಿತು. ಅತ್ಯುಚ್ಚ ದರ ಎರಡು ಹಂತಗಳಲ್ಲಿ ಶೇಕಡ ೭೦ಕ್ಕೂ, ಕನಿಷ್ಠ ದರ ಶೇಕಡ ೨೦ರಿಂದ ೧೪ಕ್ಕೂ ಇಳಿದುವು.

ಪರಿಣಾಮವು ಆಶಾದಾಯಕವಾಗಿದ್ದಿತು. ೧೯೬೪ರ ಆರ್ಥಿಕ ವರ್ಷದಲ್ಲಿ ೫೯೦ ಕೋಟಿ ಡಾಲರುಗಳಷ್ಟಿದ್ದ ಕೊರತೆ ಮರುವರ್ಷ ೧೪೦ ಕೋಟಿಗೆ ಇಳಿಯಿತು; ನಿರುದ್ಯೋಗವು ೧೯೬೬ರಲ್ಲಿ ಶೇಕಡ ೩.೮ಕ್ಕೆ ಬಂದಿತು. ಇದೆಲ್ಲವೂ ತೆರಿಗೆಯಿಳಿತವೊಂದರ ಫಲವೆಂದು ಹೇಳಲಾಗದು. ಆದರೆ ಬಳಕೆಯಾಗದ ಸಾಮರ್ಥ್ಯ, ಸ್ಥಿರವಾದ ಬೆಲೆ, ವೆಚ್ಚದ ಮೇಲಣ ಹಿಡಿತ ಎಂಬ ಮೂರು ಅನುಕೂಲಗಳು ಅಂದು ಕೂಡಿಬಂದಿದ್ದುವೆಂಬುದನ್ನು ನಾವು ಮರೆಯಬಾರದು.

ಅನಂತರದ ಘಟನೆಗಳು ಇದಕ್ಕಿಂತ ಹೆಚ್ಚು ಬೋಧಪ್ರದವಾಗಿವೆ. ವಿಯಟ್ನಾಂ ಯುದ್ಧದ ಮತ್ತು ಸಮಾಜಕಲ್ಯಾಣ ಯೋಜನೆಗಳ ವೆಚ್ಚ ಏರಿತು, ಬೆಲೆಗಳೂ ಏರತೊಡಗಿದುವು. ತೆರಿಗೆಯನ್ನು ಇಳಿಸಿದ ತರ್ಕವೇ ಈಗ ಅದನ್ನು ಏರಿಸಬೇಕೆಂದು ಹೇಳುತ್ತಿದ್ದಿತು. ಜಾನ್ಸನ್ ಅವರು ೧೯೬೭ರ ಜನವರಿಯಲ್ಲಿ ಹೆಚ್ಚುವರಿ ತೆರಿಗೆಯನ್ನು ಕೇಳಿದರು. ಅದು ಕಾನೂನಾದುದು ೧೯೬೮ರ ಜೂನ್ ತಿಂಗಳಲ್ಲಿ. ಅಷ್ಟರಲ್ಲಿ ಆ ಆರ್ಥಿಕ ವರ್ಷದ ಕೊರತೆ ೨,೫೦೦ ಕೋಟಿ ಡಾಲರುಗಳನ್ನು ಮೀರಿದ್ದಿತು. ಇಳಿಸುವ ಕೈಗೆ ಬೆಂಬಲ ದೊರೆಯುತ್ತದೆ, ಏರಿಸುವ ಕೈಗೆ ದೊರೆಯುವುದಿಲ್ಲ. ಜೇಮ್ಸ್ ಬುಕಾನನ್ ಮತ್ತು ರಿಚರ್ಡ್ ವ್ಯಾಗ್ನರ್ ಅವರು ೧೯೭೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೊರತೆಯ ಮೂಲವನ್ನು ಪ್ರಜಾಪ್ರಭುತ್ವದ ಈ ಪ್ರವೃತ್ತಿಯಲ್ಲಿಯೇ ಗುರುತಿಸಿದರು.

೧೯೮೧ರ ಪರಿಸ್ಥಿತಿ ಬೇರೆ. ಹಿಂದಿನ ವರ್ಷ ಬೆಲೆಗಳು ಶೇಕಡ ೧೩ಕ್ಕೂ ಮಿಕ್ಕಿ ಏರಿದ್ದುವು. ಹಣದುಬ್ಬರದಿಂದ ಸಂಬಳದ ಅಂಕಿ ಬೆಳೆದು, ಕೊಳ್ಳುವ ಶಕ್ತಿ ಬೆಳೆಯದಿದ್ದರೂ ಜನರು ಮೇಲಣ ದರದ ತೆರಿಗೆಗೆ ಒಳಗಾಗುತ್ತಿದ್ದರು. ಅವರ ಅಸಮಾಧಾನಕ್ಕೆ ನ್ಯಾಯವಾದ ಕಾರಣವಿದ್ದಿತು. ಅಧ್ಯಕ್ಷ ರೇಗನ್ ಅವರು ಆಗಸ್ಟ್ ೧೩ರಂದು ಅಂಗೀಕರಿಸಿದ ಕಾನೂನು ಮೂರು ವರ್ಷಗಳಲ್ಲಿ ದರಗಳನ್ನು ಸುಮಾರು ಶೇಕಡ ೨೩ರಷ್ಟು ತಗ್ಗಿಸಿತು. ಅತ್ಯುಚ್ಚ ದರ ೭೦ರಿಂದ ೫೦ಕ್ಕೆ ಇಳಿಯಿತು. ಇದರ ಹಿಂದೆ ಆರ್ಥರ್ ಲ್ಯಾಫರ್ ಅವರ ಹೆಸರಿನ ವಕ್ರರೇಖೆಯಿದ್ದಿತು. ದರ ಸೊನ್ನೆಯಾದರೂ ನೂರಾದರೂ ವರಮಾನ ಬಾರದು. ಆದುದರಿಂದ ಒಂದು ಮಿತಿಯನ್ನು ದಾಟಿದ ದರವನ್ನು ಇಳಿಸಿದರೆ ವರಮಾನ ಹೆಚ್ಚುವುದು ಎಂಬುದು ಅದರ ಸಾರ. ತತ್ತ್ವವೇನೋ ಸರಿಯೆ, ಆದರೆ ಆ ಮಿತಿ ಎಲ್ಲಿದೆಯೆಂಬುದನ್ನು ರೇಖೆ ತಾನಾಗಿ ಹೇಳುವುದಿಲ್ಲ.

೧೯೮೪ರ ವೇಳೆಗೆ ಆಯವ್ಯಯ ಸರಿದೂಗುವುದೆಂದು ಸರ್ಕಾರ ಸಾರಿದ್ದಿತು. ಆ ವರ್ಷದ ಕೊರತೆ ೧೮,೫೦೦ ಕೋಟಿ ಡಾಲರುಗಳಷ್ಟಾಯಿತು. ಹಣದುಬ್ಬರವನ್ನು ತಡೆಯಲು ಕೇಂದ್ರ ಬ್ಯಾಂಕು ಬಡ್ಡಿಯನ್ನು ಏರಿಸಿದುದರಿಂದ ಬಂದ ಹಿಂಜರಿತವೂ ಇದಕ್ಕೆ ಒಂದು ಕಾರಣ. ವೆಚ್ಚವೂ ಇಳಿಯಲಿಲ್ಲ; ರಕ್ಷಣಾ ವೆಚ್ಚ ೧೯೮೧ರ ೧೫,೭೦೦ ಕೋಟಿಯಿಂದ ೧೯೮೫ರ ೨೫,೩೦೦ ಕೋಟಿಗೆ ಏರಿತು. ಸಾಲದ ಮೇಲಣ ನಿವ್ವಳ ಬಡ್ಡಿ ಅದೇ ಅವಧಿಯಲ್ಲಿ ೬,೯೦೦ ಕೋಟಿಯಿಂದ ೧೩,೦೦೦ ಕೋಟಿಯ ಸಮೀಪಕ್ಕೆ ಬಂದಿತು. ೧೯೮೨ರಲ್ಲಿಯೂ ೧೯೮೪ರಲ್ಲಿಯೂ ಅದೇ ಸರ್ಕಾರ ಕೆಲವು ತೆರಿಗೆಗಳನ್ನು ಮತ್ತೆ ಏರಿಸಬೇಕಾಯಿತು.

ಈ ಅಂತರವನ್ನು ಮುಚ್ಚಿದವರು ತೆತ್ತ ಬೆಲೆ ಅಲ್ಪವಲ್ಲ. ಹೊಸ ತೆರಿಗೆಯಿಲ್ಲವೆಂದು ೧೯೮೮ರಲ್ಲಿ ವಚನವಿತ್ತಿದ್ದ ಹಿರಿಯ ಬುಷ್ ಅವರು ೧೯೯೦ರಲ್ಲಿ ತೆರಿಗೆಯೇರಿಕೆಗೆ ಒಪ್ಪಿದರು. ೧೯೯೨ರ ಚುನಾವಣೆಯಲ್ಲಿ ಸೋತರು. ಕ್ಲಿಂಟನ್ ಅವರ ೧೯೯೩ರ ಮಸೂದೆ ಪ್ರತಿನಿಧಿಸಭೆಯಲ್ಲಿ ೨೧೮ಕ್ಕೆ ೨೧೬ ಮತಗಳಿಂದಲೂ, ಸೆನೆಟ್ಟಿನಲ್ಲಿ ಉಪಾಧ್ಯಕ್ಷರ ನಿರ್ಣಾಯಕ ಮತದಿಂದಲೂ ಉಳಿಯಿತು. ಮರುವರ್ಷ ಅವರ ಪಕ್ಷ ಎರಡು ಸಭೆಗಳಲ್ಲಿಯೂ ಬಹುಮತವನ್ನು ಕಳೆದುಕೊಂಡಿತು. ಸೋಲಿಗೆ ಇತರ ಕಾರಣಗಳೂ ಇದ್ದುವು. ಆದರೂ ೧೯೯೮ರಲ್ಲಿ, ೧೯೬೯ರ ತರುವಾಯ ಮೊದಲ ಬಾರಿಗೆ, ಮಿಗುತೆಯ ಆಯವ್ಯಯ ಕಂಡುಬಂದುದಕ್ಕೆ ಆರ್ಥಿಕ ಏಳಿಗೆಯೊಡನೆ ಈ ಅಪ್ರಿಯ ಕ್ರಮಗಳೂ ಕಾರಣ. ೨೦೦೧ರಲ್ಲಿ ಆ ಮಿಗುತೆಯೇ ಹೊಸ ತೆರಿಗೆಯಿಳಿತಕ್ಕೆ ಸಮರ್ಥನೆಯಾಯಿತು; ೨೦೦೨ರಿಂದ ೨೦೨೪ರವರೆಗೆ ಒಂದು ವರ್ಷವೂ ಮಿಗುತೆ ಉಂಟಾಗಲಿಲ್ಲ.

ಇದರಿಂದ ಕೊರತೆಯೆಲ್ಲವೂ ಕೆಟ್ಟದ್ದೆಂದಾಗಲಿ, ತೆರಿಗೆಯಿಳಿತವೆಲ್ಲವೂ ವಂಚನೆಯೆಂದಾಗಲಿ ತೀರ್ಮಾನಿಸುವುದು ತರವಲ್ಲ. ಹಿಂಜರಿತದಲ್ಲಿ ಸಾಲ ಮಾಡುವುದು ವಿವೇಕವಾಗಬಹುದು. ಏಳಿಗೆಯ ಕಾಲದಲ್ಲಿ ಅದೇ ಸಾಲ ಮುಂದಿನವರ ಹೆಗಲಿಗೆ ವರ್ಗವಾದ ತೆರಿಗೆ. ಆದುದರಿಂದ ತೆರಿಗೆಯಿಳಿತದ ಪ್ರಸ್ತಾಪ ಬಂದಾಗಲೆಲ್ಲ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕೆಂದು ನಾವು ಬಯಸುತ್ತೇವೆ: ದೇಶದಲ್ಲಿ ಬಳಕೆಯಾಗದ ಸಾಮರ್ಥ್ಯವಿದೆಯೆ? ಯಾವ ವೆಚ್ಚವನ್ನು ತಗ್ಗಿಸುವುದೆಂದು ಹೆಸರಿಸಿ ಹೇಳಿದ್ದಾರೆಯೆ? ಕಾಲ ಬದಲಾದಾಗ ತೆರಿಗೆಯನ್ನು ಮತ್ತೆ ಏರಿಸುವವರು ಯಾರು? ಮೊದಲನೆಯದಕ್ಕೆ ಅರ್ಥಶಾಸ್ತ್ರ ಉತ್ತರ ಕೊಡಬಲ್ಲದು. ಉಳಿದೆರಡಕ್ಕೆ ಉತ್ತರವನ್ನು ಕೇಳಿ ಪಡೆಯಬೇಕಾದವರು ಮತದಾರರೇ.