ಬಾಡಿಗೆ ಸೈಕಲ್ಲಿಗೆ ಯಾರ ಗಡಿಯಾರ?

ಸಾರ್ವಜನಿಕ ಸೈಕಲ್ ಯೋಜನೆಗಳನ್ನು ಕುರಿತ ನಮ್ಮ ಚರ್ಚೆ ಸಾಮಾನ್ಯವಾಗಿ ಸಂಖ್ಯೆಗಳ ಸುತ್ತಲೇ ತಿರುಗುತ್ತದೆ. ಎಷ್ಟು ಸೈಕಲ್‌ಗಳು, ಎಷ್ಟು ನಿಲ್ದಾಣಗಳು, ಎಷ್ಟು ಕೋಟಿ ರೂಪಾಯಿ ವೆಚ್ಚ ಎಂಬುದಷ್ಟೇ ಸುದ್ದಿಯಾಗುತ್ತದೆ. ದಿನದ ಯಾವ ಗಳಿಗೆಯಿಂದ ಸೈಕಲ್ ಕೈಗೆ ಸಿಗುತ್ತದೆ, ಯಾವ ಗಳಿಗೆಯೊಳಗೆ ಅದನ್ನು ಒಪ್ಪಿಸಬೇಕು ಎಂಬ ಪ್ರಶ್ನೆ ನಿಯಮಾವಳಿಯ ಕೊನೆಯ ಪುಟದ ವಿವರವಾಗಿ ಉಳಿದುಬಿಡುತ್ತದೆ. ನಂಜನಗೂಡು ತಾಲ್ಲೂಕಿನ ಕಳಲೆಯಲ್ಲಿದ್ದುಕೊಂಡು ಮೈಸೂರಿಗೆ ಹೋಗಿಬರುವ ನನ್ನಂಥವರಿಗೆ ಮಾತ್ರ ಆ ಕೊನೆಯ ಪುಟವೇ ಮೊದಲನೆಯದು.

ಮೈಸೂರಿಗೆ ಈ ಪ್ರಯೋಗ ಹೊಸದಲ್ಲ. 2017ರ ಜೂನ್ ತಿಂಗಳಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಮುದ್ದಾದ ಹೆಸರಿನೊಂದಿಗೆ ಸಾರ್ವಜನಿಕ ಸೈಕಲ್ ವ್ಯವಸ್ಥೆ ಇಲ್ಲಿ ಆರಂಭವಾಯಿತು. ಸುಸ್ಥಿರ ನಗರ ಸಾರಿಗೆ ಯೋಜನೆಯಡಿ, ಜಾಗತಿಕ ಪರಿಸರ ನಿಧಿಯ ನೆರವಿನೊಡನೆ ರೂಪುಗೊಂಡ ಈ ವ್ಯವಸ್ಥೆಯಲ್ಲಿ 450 ಸೈಕಲ್‌ಗಳೂ ಸುಮಾರು 50 ನಿಲ್ದಾಣಗಳೂ ಇದ್ದವು. ಗುರುತಿನ ದಾಖಲೆ ನೀಡಿ, ಠೇವಣಿ ಕಟ್ಟಿ, ಸ್ಮಾರ್ಟ್ ಕಾರ್ಡ್ ಪಡೆದರೆ ಒಂದು ನಿಲ್ದಾಣದಲ್ಲಿ ಸೈಕಲ್ ಬಿಡಿಸಿಕೊಂಡು ಮತ್ತೊಂದರಲ್ಲಿ ಸಿಕ್ಕಿಸಿ ಹೋಗಬಹುದಿತ್ತು. ಪ್ರವಾಸಿಗರಿಗೂ ವಿದ್ಯಾರ್ಥಿಗಳಿಗೂ ಇದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅಗಲ ರಸ್ತೆ, ಸಾಲುಮರ, ಹಿತವಾದ ಹವೆ ಇರುವ ಊರು ಸೈಕಲ್ಲಿಗೆ ಹೇಳಿ ಮಾಡಿಸಿದಂತಿದೆ.

ಆದರೆ ನಗರವೊಂದನ್ನು ನಡೆಸುವವರು ಅದರೊಳಗೆ ವಾಸಿಸುವವರಷ್ಟೇ ಅಲ್ಲ. ಹದಿನೆಂಟನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಸೇನೆಯನ್ನೂ ಆಡಳಿತವನ್ನೂ ಕೈಯಲ್ಲಿಟ್ಟುಕೊಂಡಿದ್ದ ದಳವಾಯಿಗಳು ಕಳಲೆ ಮನೆತನದವರು. ಆಗ ಮೈಸೂರಿನ ಗಳಿಗೆಯನ್ನು ನಿರ್ಧರಿಸುತ್ತಿದ್ದುದು ಕಳಲೆ. ಇಂದು ಕಳಲೆಯ ದಿನಚರಿಯನ್ನು ನಿರ್ಧರಿಸುವುದು ಮೈಸೂರು. ದೇವರಾಜ ಮಾರುಕಟ್ಟೆಗೆ ಹೂವು, ಸೊಪ್ಪು ತರುವವರು, ಆಸ್ಪತ್ರೆಯ ಮೊದಲ ಪಾಳಿಗೆ ಹಾಜರಾಗುವ ಆಯಾಗಳು, ಹೋಟೆಲಿನ ಅಡುಗೆಮನೆಯಲ್ಲಿ ಒಲೆ ಹಚ್ಚುವವರು, ಕಚೇರಿಗಳ ಬಾಗಿಲು ತೆರೆಯುವ ಮುನ್ನ ಕಸ ಗುಡಿಸುವವರು ನಸುಕಿನಲ್ಲಿಯೇ ಸುತ್ತಲಿನ ಹಳ್ಳಿಗಳಿಂದ ಹೊರಡುತ್ತಾರೆ. ಕೆಲಸ ಮುಗಿಸಿ ಮರಳುವಾಗ ಕತ್ತಲಾಗಿರುತ್ತದೆ.

ಇವರ ಪ್ರಯಾಣದ ಉದ್ದದ ಭಾಗ ಈಗ ಅಷ್ಟೇನೂ ದುಬಾರಿಯಲ್ಲ. 2023ರ ಜೂನ್‌ನಲ್ಲಿ ಜಾರಿಗೆ ಬಂದ ‘ಶಕ್ತಿ’ ಯೋಜನೆ ಮಹಿಳೆಯರಿಗೆ ಸಾಮಾನ್ಯ ಬಸ್‌ಗಳ ಟಿಕೆಟ್ ವೆಚ್ಚವನ್ನು ಇಲ್ಲವಾಗಿಸಿತು. ತೊಡಕಿರುವುದು ಬಸ್ ಇಳಿದ ಮೇಲಿನ ಎರಡು-ಮೂರು ಕಿಲೋಮೀಟರಿನಲ್ಲಿ. ನಗರ ಸಾರಿಗೆಯ ಬಸ್‌ಗಳು ವಿರಳವಾಗಿರುವ ಹೊತ್ತಿನಲ್ಲಿ ಆಟೊ ಹಿಡಿದರೆ ದಿನಗೂಲಿಯ ಗಣನೀಯ ಭಾಗ ಅದಕ್ಕೇ ಸಂದಾಯವಾಗುತ್ತದೆ. ಸಾರ್ವಜನಿಕ ಸೈಕಲ್ ಅತ್ಯಂತ ಅಗತ್ಯವಾಗುವುದು ಈ ಹೊತ್ತಿನಲ್ಲೇ. ಹಳ್ಳಿಯ ಹೆಂಗಸರು ಸೈಕಲ್ ತುಳಿಯುವರೇ ಎಂದು ಕೇಳುವವರು 2006-07ರಲ್ಲಿ ಆರಂಭವಾಗಿ ಹಲವು ವರ್ಷ ನಡೆದ ಸರ್ಕಾರದ ಉಚಿತ ಸೈಕಲ್ ವಿತರಣೆಯನ್ನು ನೆನೆಯಬೇಕು. ಎಂಟನೆಯ ತರಗತಿಯಲ್ಲಿ ಸೈಕಲ್ ಪಡೆದು ಶಾಲೆಗೆ ಹೋದ ಆ ಹುಡುಗಿಯರಲ್ಲಿ ಅನೇಕರು ಇಂದು ದುಡಿಯುವ ತಾಯಂದಿರು.

ರಾತ್ರಿ ಹೊತ್ತು ಬಾಗಿಲು ಮುಚ್ಚಬೇಕೆಂಬ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಕಳ್ಳತನ, ಹಾನಿ, ಕಾವಲಿನ ಖರ್ಚು ನಿಜವಾದ ಸಮಸ್ಯೆಗಳು. ಮೇಲಾಗಿ ಸೈಕಲ್‌ಗಳು ದಿನವಿಡೀ ಕೆಲವೇ ನಿಲ್ದಾಣಗಳಲ್ಲಿ ರಾಶಿ ಬೀಳುತ್ತವೆ. ಪ್ಯಾರಿಸ್‌ನಲ್ಲಿ 2007ರಲ್ಲಿ ಆರಂಭವಾದ ‘ವೆಲಿಬ್’ ಯೋಜನೆಯಲ್ಲಿ ಜನ ಗುಡ್ಡದಿಂದ ಇಳಿದು ಬರುತ್ತಿದ್ದರೇ ಹೊರತು ಹತ್ತಿ ಹೋಗುತ್ತಿರಲಿಲ್ಲ. ಎತ್ತರದ ನಿಲ್ದಾಣಗಳಿಗೆ ಸೈಕಲ್ ತಂದವರಿಗೆ ಹೆಚ್ಚುವರಿ ನಿಮಿಷಗಳ ಆಮಿಷ ಒಡ್ಡಬೇಕಾಯಿತು. ಹೀಗೆ ಚದುರಿದ ಸೈಕಲ್‌ಗಳನ್ನು ವಾಹನದಲ್ಲಿ ಸಾಗಿಸಿ ಸರಿದೂಗಿಸಲು, ದುರಸ್ತಿ ಮಾಡಲು ನಿರ್ವಾಹಕರಿಗೆ ಬಿಡುವು ಬೇಕು. ರಾತ್ರಿ ಅದಕ್ಕೆ ಅನುಕೂಲವಾದ ವೇಳೆ.

ಆದರೆ ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ನಾವು ಒಂದಾಗಿಸುತ್ತಿದ್ದೇವೆ. ಸೈಕಲ್ ಕೊಡುವ ಅವಧಿ ಬೇರೆ, ಮರಳಿ ಪಡೆಯುವ ಅವಧಿ ಬೇರೆ. ಡಬ್ಲಿನ್ ನಗರ 2009ರಲ್ಲಿ ತನ್ನ ಯೋಜನೆಯನ್ನು ಆರಂಭಿಸಿದಾಗ ಬೆಳಗಿನ 5 ಗಂಟೆಯಿಂದ ರಾತ್ರಿ 12.30ರವರೆಗೆ ಮಾತ್ರ ಸೈಕಲ್ ಪಡೆಯಬಹುದೆಂಬ ನಿಯಮ ಮಾಡಿತು. ಹಿಂದಿರುಗಿಸುವುದಕ್ಕೆ ಮಾತ್ರ ದಿನದ 24 ಗಂಟೆಯೂ ಅವಕಾಶವಿತ್ತು. ಬಾರ್ಸಿಲೋನಾ ಕೂಡ ಮೊದಲಿಗೆ ವಾರದ ದಿನಗಳ ರಾತ್ರಿ ಸೈಕಲ್ ನೀಡುತ್ತಿರಲಿಲ್ಲ. 2019ರಲ್ಲಿ ವ್ಯವಸ್ಥೆಯನ್ನು ನವೀಕರಿಸಿದಾಗ ಅದು ಇಡೀ ದಿನದ ಸೇವೆಗೆ ಬದಲಾಯಿತು. ಈ ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ ಮೇಸ್ತ್ರಿಯ ಮಾತಿಗೆ ಅರ್ಧ ಗಂಟೆ ಹೆಚ್ಚು ದುಡಿದು ಬಂದವಳಿಗೆ ನಿಲ್ದಾಣ ಸೈಕಲ್ಲನ್ನು ಸ್ವೀಕರಿಸದಿದ್ದರೆ, ಇಡೀ ರಾತ್ರಿಯ ಬಾಡಿಗೆ ಅವಳ ಲೆಕ್ಕಕ್ಕೆ ಸೇರುತ್ತದೆ. ಕೊನೆಯ ಬಸ್ಸೂ ತಪ್ಪುತ್ತದೆ. ಒಮ್ಮೆ ಹೀಗಾದರೆ ಅವಳು ಮತ್ತೆಂದೂ ಆ ಸೈಕಲ್ಲನ್ನು ಮುಟ್ಟುವುದಿಲ್ಲ.

ವೇಳೆ ನಿಗದಿಪಡಿಸಲು ಸರಿಯಾದ ಅಳತೆಗೋಲು ಯಾವುದು? ನೆದರ್‌ಲ್ಯಾಂಡ್ಸ್‌ನ ಅನುಭವ ಇಲ್ಲಿ ಬೋಧಪ್ರದ. ಅಲ್ಲಿ 2003ರಿಂದ ರೈಲು ನಿಲ್ದಾಣಗಳಲ್ಲಿ ‘ಓವಿ-ಫೀಟ್ಸ್’ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಇದೆ. ಸಿಬ್ಬಂದಿ ಇರುವ ದೊಡ್ಡ ನಿಲ್ದಾಣಗಳ ಸೈಕಲ್ ಕೇಂದ್ರಗಳು ಸಾಮಾನ್ಯವಾಗಿ ಮೊದಲ ರೈಲಿನ ಹೊತ್ತಿಗೆ ತೆರೆದು ಕೊನೆಯ ರೈಲಿನ ನಂತರ ಮುಚ್ಚುತ್ತವೆ. ಬಾಡಿಗೆಯ ಲೆಕ್ಕವೂ 24 ಗಂಟೆಗಳದ್ದು. ಎಂದರೆ, ಅಲ್ಲಿ ಸೈಕಲ್ಲಿನ ಗಡಿಯಾರ ಕಚೇರಿಯ ಗೋಡೆಯ ಮೇಲಿಲ್ಲ, ರೈಲಿನ ವೇಳಾಪಟ್ಟಿಯಲ್ಲಿದೆ. ಸೈಕಲ್ಲನ್ನು ಸ್ವತಂತ್ರ ವಿಹಾರ ಸಾಧನವೆಂದು ನೋಡದೆ ಪ್ರಯಾಣದ ಒಂದು ಕೊಂಡಿ ಎಂದು ನೋಡಿದ್ದರ ಫಲವಿದು.

ಮೈಸೂರಿನಲ್ಲಾಗಲಿ ರಾಜ್ಯದ ಇತರ ನಗರಗಳಲ್ಲಾಗಲಿ ಇಂಥ ಯೋಜನೆಗಳನ್ನು ರೂಪಿಸುವಾಗ, ವಿಸ್ತರಿಸುವಾಗ ಇದೇ ತತ್ವವನ್ನು ಅನುಸರಿಸಲು ಅಡ್ಡಿಯೇನಿದೆ? ಎಲ್ಲ ನಿಲ್ದಾಣಗಳನ್ನೂ ರಾತ್ರಿಯಿಡೀ ತೆರೆದಿಡಬೇಕೆಂಬ ಹಟ ನನ್ನದಲ್ಲ. ಗ್ರಾಮಾಂತರ ಬಸ್ ನಿಲ್ದಾಣ, ನಗರ ಬಸ್ ನಿಲ್ದಾಣ, ರೈಲು ನಿಲ್ದಾಣ, ದೊಡ್ಡ ಆಸ್ಪತ್ರೆ ಮತ್ತು ಮಾರುಕಟ್ಟೆಗಳ ಬಳಿಯಾದರೂ ಮೊದಲ ಬಸ್ಸು ಬರುವುದಕ್ಕೆ ಮುನ್ನ ಸೈಕಲ್ ಸಿಗಬೇಕು. ಕೊನೆಯ ಬಸ್ಸು ಹೊರಡುವವರೆಗೆ ದೊರೆಯುತ್ತಿರಬೇಕು. ಹಿಂದಿರುಗಿಸುವ ಬಾಗಿಲು ಎಲ್ಲೆಡೆ, ಎಲ್ಲ ಹೊತ್ತಿನಲ್ಲೂ ತೆರೆದಿರಬೇಕು. ಕಾರ್ಡ್ ನೋಂದಣಿಯ ಕೌಂಟರ್ ಕೂಡ ದುಡಿಯುವವರ ಬಿಡುವಿಗೆ ಹೊಂದಿಕೊಳ್ಳಬೇಕು. ಕಚೇರಿ ವೇಳೆಯಲ್ಲಷ್ಟೇ ಕಾರ್ಡ್ ಕೊಡುವುದಾದರೆ ಅದನ್ನು ಪಡೆಯಲು ಒಂದು ದಿನದ ಕೂಲಿ ಕಳೆದುಕೊಳ್ಳಬೇಕಾಗುತ್ತದೆ.

ನಸುಕಿನಲ್ಲಿ, ರಾತ್ರಿಯಲ್ಲಿ ಸೈಕಲ್ ಸವಾರಿ ಮಹಿಳೆಯರಿಗೆ ಸುರಕ್ಷಿತವಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಆಕ್ಷೇಪದ ಹಿಂದಿನ ಕಾಳಜಿಯನ್ನು ಗೌರವಿಸೋಣ. ಆದರೆ ನಿಲ್ದಾಣ ಮುಚ್ಚಿದ ಮಾತ್ರಕ್ಕೆ ಆಕೆ ಮನೆಯಲ್ಲಿ ಉಳಿಯುವುದಿಲ್ಲ. ಅದೇ ರಸ್ತೆಯಲ್ಲಿ, ಅದೇ ಕತ್ತಲಿನಲ್ಲಿ ನಡೆದು ಹೋಗುತ್ತಾಳೆ, ಹೆಚ್ಚು ಹೊತ್ತು ನಡೆಯುತ್ತಾಳೆ. ಸುರಕ್ಷತೆ ಬೇಕಿದ್ದರೆ ದೀಪ ಹಾಕಿಸಬೇಕು, ಪೊಲೀಸ್ ಗಸ್ತು ಹೆಚ್ಚಿಸಬೇಕು. ಸೈಕಲ್ಲಿಗೆ ಬೀಗ ಹಾಕುವುದು ಅದಕ್ಕೆ ಉತ್ತರವಲ್ಲ.

ಖರ್ಚಿನ ಮಾತು ಉಳಿಯುತ್ತದೆ. ನಸುಕಿನ ಸವಾರರ ಸಂಖ್ಯೆ ಹಗಲಿನಷ್ಟು ಇರಲಾರದು, ಆದಾಯವೂ ಬರಲಾರದು. ಆದರೆ ಮೊದಲ ಬಸ್ಸನ್ನು ನಾವು ಅದು ತರುವ ಲಾಭಕ್ಕಾಗಿ ಓಡಿಸುವುದಿಲ್ಲ. ಅದು ಇಲ್ಲದಿದ್ದರೆ ನಗರದ ದಿನ ಆರಂಭವಾಗುವುದಿಲ್ಲ ಎಂಬ ಕಾರಣಕ್ಕೆ ಓಡಿಸುತ್ತೇವೆ. ಜನರ ತೆರಿಗೆಯ ಹಣದಲ್ಲಿ, ಜನರ ರಸ್ತೆಯ ಅಂಚಿನಲ್ಲಿ ನಿಲ್ಲುವ ಸೈಕಲ್ಲಿಗೂ ಇದೇ ನ್ಯಾಯ ಅನ್ವಯಿಸಬೇಕು. ಮುಂದಿನ ಸಲ ಮೈಸೂರು ಮಹಾನಗರ ಪಾಲಿಕೆ ಇದಕ್ಕಾಗಿ ಟೆಂಡರ್ ಕರೆಯುವಾಗ ಸೈಕಲ್‌ಗಳ ಸಂಖ್ಯೆಗಿಂತ ಮೊದಲು ನಂಜನಗೂಡು, ತಿ. ನರಸೀಪುರ, ಹುಣಸೂರು ಮಾರ್ಗಗಳ ಮೊದಲ ಮತ್ತು ಕೊನೆಯ ಬಸ್ಸಿನ ವೇಳೆಯನ್ನು ಷರತ್ತುಗಳಲ್ಲಿ ಬರೆಯಲಿ. ಉಳಿದ ಲೆಕ್ಕವನ್ನು ಆ ಮೇಲೆ ಮಾಡಬಹುದು.